ಒಂದೇ ಮೀನು, ಕೆರೆಗೊಂದು ಮೈಮಾಟ

ಮೀನು ಅಳೆಯುವ ಕೆಲಸದವರು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅಳತೆಪಟ್ಟಿ ಕೈಗೆತ್ತಿಕೊಂಡರೆ ಸಾಕು, ಸುತ್ತ ನಿಂತವರಲ್ಲಿ ಯಾರಾದರೊಬ್ಬರು ಶುರು ಮಾಡಿಯೇ ಬಿಡುತ್ತಾರೆ.

ನಾನು ದಾವಣಗೆರೆ ಕಡೆಯವಳು. ಮನೆಯಲ್ಲಿ ಲಿಂಗಪೂಜೆ, ತಟ್ಟೆಯಲ್ಲಿ ರೊಟ್ಟಿ, ಕೆಲಸ ಮಾತ್ರ ಮೀನಿನದು. ಒಂದೇ ಜಾತಿಯ ಮೀನು ಒಂದು ಕೆರೆಯಲ್ಲಿ ಗುಂಡಗೆ, ಇನ್ನೊಂದರಲ್ಲಿ ಸಣಕಲು, ಮತ್ತೊಂದರಲ್ಲಿ ಕಪ್ಪಗೆ ಯಾಕಿರುತ್ತದೆ ಎಂದು ಬೆಂಗಳೂರಿನ ಹೊರವಲಯದ ಕೆರೆಗಳನ್ನು ಸುತ್ತಿ ನೋಡುತ್ತೇನೆ. ಸಿಗುವ ಮೇವು, ನೀರಿನ ಓಟ, ಬಿಸಿಲು, ತಳದ ಕೆಸರು ಎಲ್ಲ ಸೇರಿ ಮೀನಿನ ಮೈ ತಿದ್ದುತ್ತವೆ. ತಲೆಮಾರು ಕಳೆದ ಹಾಗೆ ಕೆಲವು ಗುಣಗಳು ರಕ್ತಕ್ಕೂ ಇಳಿಯುತ್ತವೆ. ಇದನ್ನು ಹೇಳುವಾಗ ನನಗೆ ಎಂದೂ ತಡವರಿಕೆ ಇಲ್ಲ. ಕೇಳುವವರು ಏನು ಕೇಳಿಸಿಕೊಳ್ಳುತ್ತಾರೆ ಅನ್ನೋದು ಮಾತ್ರ ನನ್ನ ಕೈಲಿಲ್ಲ.

ಲಿಫ್ಟಿನಲ್ಲಿ

ನಾವಿರುವುದು ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಒಂದು ಸಂಜೆ ಐಸ್ ಡಬ್ಬ ಹಿಡಿದು ಲಿಫ್ಟ್ ಹತ್ತಿದೆ. ಒಳಗೆ ನಮ್ಮ ಕೆಳಗಿನ ಮಹಡಿಯ ಹುಬ್ಬಳ್ಳಿ ಕಡೆಯ ಹೆಂಗಸು ಮೂಗಿಗೆ ಸೆರಗು ಹಿಡಿದರು.

"ಏನ್ರೀ ಇದು ವಾಸನಿ?"

"ಮೀನು ರೀ. ತಿನ್ನಲಿಕ್ಕಲ್ಲ, ಅಳೀಲಿಕ್ಕೆ."

ತಿನ್ನಲಿಕ್ಕಲ್ಲ ಎಂದ ಕೂಡಲೇ ಸೆರಗು ಇಳಿಯಿತು. "ಅಳದು ಏನ್ ಮಾಡ್ತೀರಿ?"

ನಾನು ಪಾಠ ಶುರು ಮಾಡಿದೆ. "ನಿಂತ ನೀರಾಗ, ಕುಂತಲ್ಲೇ ಮೇವು ಸಿಗೋ ಮೀನು ಹೊಟ್ಟಿ ಬೆಳೆಸ್ತಾವ. ಓಡೋ ನೀರಾಗ ಈಜಿ ಈಜಿ ತೆಳ್ಳಗಿರ್ತಾವ."

ಆಕೆ ಏನೋ ಯೋಚಿಸುತ್ತಾ ತಮ್ಮ ಮಹಡಿಯಲ್ಲಿ ಇಳಿದುಹೋದರು. ಮಾರನೆಯ ಬೆಳಗ್ಗೆ ನಮ್ಮ ಬಾಗಿಲಲ್ಲಿ ಆಕೆಯ ಯಜಮಾನರು ಬೆವರು ಸುರಿಸುತ್ತಾ ನಿಂತಿದ್ದರು.

"ನಮ್ಮ ಮನಿಯಾಕಿಗೆ ಏನ್ ಹೇಳಿದ್ರಿ ತಾಯಿ? ಸೋಫಾದ ಮ್ಯಾಲೆ ಕೂಡಾಕ ಬಿಡವಲ್ಲಳು. 'ನೀವು ನಿಂತ ನೀರಾಗೀರಿ, ಏಳ್ರಿ' ಅಂತ ಆಗಲೇ ಪಾರ್ಕ್ ಸುತ್ತಿಸ್ಯಾಳ. ಈಗ ನಿಮ್ಮ ಟೇಪು ಇಸ್ಕೊಂಡು ಬರ್ರಿ ಅಂದಾಳ!"

ಪೀಣ್ಯದ ತಪಾಸಣೆ

ಮೀನಿನ ಮೈ ಅಳೆಯುವ ನನ್ನ ವರ್ನಿಯರ್ ಒಮ್ಮೆ ಸಿಕ್ಕಿಹಾಕಿಕೊಂಡಿತು. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಒಯ್ದೆ. ಯಜಮಾನರು ಲೇತ್ ನಿಲ್ಲಿಸಿ ಬಂದು, ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟರು. ಪರೀಕ್ಷೆಗೆ ಇರಲಿ ಎಂದು ಡಬ್ಬದಿಂದ ಎರಡು ರೋಹು ಮೀನು ತೆಗೆದುಕೊಟ್ಟೆ, ಎರಡು ಬೇರೆ ಬೇರೆ ಕೆರೆಯವು. ಅವರೇ ಅಳೆದರು. ಅವರ ಮುಖ ಗಂಭೀರವಾಯಿತು.

"ಮೇಡಂ, ಎರಡೂ ಒಂದೇ ಐಟಮ್ಮಾ?"

"ಒಂದೇ. ಒಂದೇ ಕಡೆ ಮರಿ ಮಾಡಿಸಿ, ಒಂದೇ ದಿನ ಕೆರೆಗಳಿಗೆ ಬಿಟ್ಟಿದ್ದು."

"ಹಂಗಾದ್ರೆ ಡೈ ಸವೆದಿದೆ. ಅಚ್ಚು ಸವೆದ್ರೆ ಅಳತೆ ಹಿಂಗೇ ತಪ್ಪೋದು."

"ಡೈ ಸರಿಯಾಗೇ ಇದೆ ಸಾರ್, ನೀರು ಬೇರೆ. ಈ ಕೆರೇಲಿ ಮೀನು ಜಾಸ್ತಿ, ಮೇವು ಕಮ್ಮಿ. ಹೊಟ್ಟೆಗಿಲ್ಲದೆ ಮೈ ತುಂಬಿಲ್ಲ, ತಲೆ ಮಾತ್ರ ದಪ್ಪ ಕಾಣ್ತಿದೆ."

"ಅಂದ್ರೆ ಮಾಡಿದೋರ ತಪ್ಪಿಲ್ಲ?"

"ಖಂಡಿತಾ ಇಲ್ಲ."

ಅವರು ಸುತ್ತ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡರು. "ಮೇಡಂ, ಮೊನ್ನೆ ನಮ್ಮ ಒಂದು ಲಾಟ್ ಪೀಸು ಅಳತೆ ಸರಿ ಇಲ್ಲ ಅಂತ ವಾಪಸ್ ಬಂದಿದೆ. ಪೀಣ್ಯದ ನೀರೇ ಹಿಂಗೆ ಅಂತ ಕಂಪನಿಯೋರಿಗೆ ನೀವೊಂದು ಮಾತು ಹೇಳ್ಬಿಡಿ."

ಏರಿಯ ಮೇಲೆ

ಎಲೆಕ್ಟ್ರಾನಿಕ್ ಸಿಟಿಯ ಆಚೆ ಒಂದರ ಕೆಳಗೊಂದು ಎರಡು ಕೆರೆ. ಮೇಲಿನ ಕೆರೆಯ ಮೀನಿನ ಗುತ್ತಿಗೆ ಒಬ್ಬ ಭಾವನದು, ಕೆಳಗಿನದು ಅವನ ಬಾಮೈದನದು. ಜೋರು ಮಳೆಗೆ ಮೇಲಿನದು ಕೋಡಿ ಬಿದ್ದು ನೀರು ಕೆಳಕ್ಕೆ ಹರಿಯಿತು. ಅಲ್ಲಿಂದ ಜಗಳ. ನನ್ನ ಮೀನೆಲ್ಲ ನಿನ್ನ ಕೆರೆಗೆ ಬಂದಿವೆ ಎಂದು ಭಾವ, ಒಂದೂ ಬಂದಿಲ್ಲ ಎಂದು ಬಾಮೈದ. ಮಾತು ನಿಂತಿತು. ಆ ವರ್ಷ ಭಾವನ ಹೆಂಡತಿಗೆ, ಅಂದರೆ ಬಾಮೈದನ ಅಕ್ಕನಿಗೆ, ತವರಿನಿಂದ ಗೌರಿ ಬಾಗಿನವೂ ಬರಲಿಲ್ಲ. ಕೊನೆಗೆ, ಮೀನಿನ ಮುಖ ನೋಡಿ ಊರು ಹೇಳುವ ಮೇಡಂ ಒಬ್ಬರಿದ್ದಾರೆ ಎಂದು ಯಾರೋ ಹೇಳಿ, ನನ್ನನ್ನು ಕೆರೆ ಏರಿಯ ಮೇಲೆ ಕುರ್ಚಿ ಹಾಕಿ ಕೂರಿಸಿದರು.

ಬಾಮೈದ ತನ್ನ ಬುಟ್ಟಿ ತೋರಿಸಿದ. ಒಳಗೆ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಎಲ್ಲವೂ ಪೇಲವ. "ಭಾವನ ಮೀನು ಕಪ್ಪು ಮೇಡಂ. ಇದ್ರಾಗೆ ಕಪ್ಪು ಒಂದಾದ್ರೂ ಐತಾ ನೋಡಿ."

"ಬಚ್ಚಿಟ್ಟವ್ನೆ!" ಎಂದು ಭಾವ ಕೂಗಿದ.

ನಾನು ಎರಡೂ ಕೆರೆ ನೋಡಿದ್ದೆ. ಮೇಲಿನದು ಜೊಂಡು ತುಂಬಿದ ತಿಳಿನೀರು, ಕೆಳಗಿನದು ಕೆಸರು. ಮೇಲಿನ ಕೆರೆಯಿಂದ ಒಂದು ಕಪ್ಪು ಜಿಲೇಬಿ ತರಿಸಿ, ಬಿಳಿ ಬಕೆಟ್ಟಿನ ನೀರಿಗೆ ಬಿಟ್ಟೆ. "ಕಾಫಿ ಕುಡಿಯೋಣ," ಎಂದೆ. ಅಕ್ಕ ಕಾಫಿ ತಂದಳು. ಲೋಟ ಖಾಲಿಯಾಗುವಷ್ಟರಲ್ಲಿ ಮೀನಿನ ಕಪ್ಪು ಇಳಿದು, ಬುಟ್ಟಿಯ ಮೀನಿನ ಹಾಗೇ ಪೇಲವವಾಗಿತ್ತು.

"ಇರೋ ನೀರಿಗೆ ತಕ್ಕಂಗೆ ಮೀನು ಬಣ್ಣ ಬದಲಾಯಿಸ್ತದೆ. ಬಣ್ಣ ನೋಡಿ ಯಾರದು ಅಂತ ಹೇಳೋಕಾಗಲ್ಲ," ಎಂದೆ.

ಬಾಮೈದ ತಲೆಯಾಡಿಸಿದ. "ದಿಟ ಮೇಡಂ. ನಮ್ಮಕ್ಕ ಮದ್ವೆಗೆ ಮುಂಚೆ ಬಾಯೇ ಬಿಡ್ತಿರ್ಲಿಲ್ಲ. ಭಾವನ ಮನೆ ನೀರು ಕುಡಿದ್ಮೇಲೆ ಇಂಗೆ ಜಗಳಗಂಟಿ ಆಗೋದ್ಲು."

"ಸುಳ್ಳು!" ಭಾವ ಎದ್ದು ನಿಂತ. "ಬರೋವಾಗ್ಲೇ ಇಂಗಿದ್ಲು! ಅದು ನಿಮ್ಮೂರ ನೀರಿನ ಗುಣ!"

ಇಬ್ಬರೂ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಮೇಡಂ, ಇದು ಯಾವ ನೀರು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದಳು. ಬಕೆಟ್ಟಿನ ಮೀನನ್ನು ಜೋಪಾನವಾಗಿ ಬುಟ್ಟಿಗೆ ಬಿಟ್ಟು, ನೀರನ್ನು ಇಬ್ಬರ ತಲೆಯ ಮೇಲೂ ಸಮನಾಗಿ ಸುರಿದಳು. "ಮೀನು ಇಬ್ರಿಗೂ ಅರ್ಧರ್ಧ. ನಾಳೆ ಬೆಳಗ್ಗೆ ನನ್ನ ಬಾಗಿನ ಬರ್ಬೇಕು. ಏನಂತೀರಾ?"

ಇಬ್ಬರೂ ತೊಟ್ಟಿಕ್ಕುತ್ತಾ ಹೂಂ ಎಂದರು.

ಮೀನಿಗೆ ಬಣ್ಣ ಇಳಿಯಲು ಒಂದು ಲೋಟ ಕಾಫಿಯಷ್ಟು ಹೊತ್ತು ಬೇಕಾಗಿತ್ತು. ಇವರಿಬ್ಬರಿಗೆ ಅಷ್ಟೂ ಬೇಕಾಗಲಿಲ್ಲ.