ಮನೆತೆರಿಗೆಯ ರಿಯಾಯಿತಿಯೂ ತಪ್ಪಿದ ಯಾತ್ರೆಯೂ

ಸತ್ಯವ್ರತವನ್ನು ಕೈಗೊಂಡವನಿಗೆ ಅರ್ಜಿ ತುಂಬುವುದು ಕಷ್ಟವಲ್ಲವೆಂದೇ ನಾನು ನಂಬಿದ್ದೆ. ಹಿರಿಯರಿಗಾಗಿ ಸರಕಾರವು ಏರ್ಪಡಿಸಿದ್ದ ಸಮ್ಮೇದಗಿರಿ ಯಾತ್ರೆಗೆ ನಾನೂ ಮಿತ್ರ ಧರಣಪ್ಪನವರೂ ಮೂಡುಬಿದಿರೆಯ ಕಚೇರಿಯೊಂದರಲ್ಲಿ ಜೊತೆಯಾಗಿ ಅರ್ಜಿ ತುಂಬಲು ಕುಳಿತೆವು. ಪತ್ನಿ ತೀರಿಕೊಂಡ ಮೇಲೆ ದಿನಕ್ಕೊಮ್ಮೆ ನನ್ನೊಡನೆ ಮಾತನಾಡುವವರೆಂದರೆ ಅವರೊಬ್ಬರೇ. ರೈಲಿನಲ್ಲಿ ಅಕ್ಕಪಕ್ಕ ಕುಳಿತು ಹರಟುವ ಆಸೆ, ತೀರ್ಥಂಕರರು ಕ್ಷಮಿಸಲಿ, ದರ್ಶನದ ಆಸೆಗಿಂತ ತೂಕದ್ದಾಗಿತ್ತು.

ಒಂಬತ್ತನೆಯ ಪ್ರಶ್ನೆ: ‘ಈ ಹಿಂದೆ ಸರಕಾರದಿಂದ ಸಹಾಯಧನ ಪಡೆದಿದ್ದೀರಾ?’ ನನ್ನ ಲೇಖನಿ ನಿಂತಿತು. ಏಪ್ರಿಲಿನಲ್ಲೇ ಮನೆತೆರಿಗೆ ಕಟ್ಟಿ ರಿಯಾಯಿತಿ ಪಡೆದಿದ್ದೆನಲ್ಲ!

“ಇಲ್ಲ ಅಂತ ಬರೆಯಿರಿ ಮಾರಾಯ್ರೆ,” ಎಂದರು ಧರಣಪ್ಪ. “ತೆರಿಗೆಯಲ್ಲಿ ಬಿಟ್ಟದ್ದು ಸಹಾಯಧನ ಹೇಗಾಗ್ತದೆ? ನಮ್ಮ ಹಣ ನಮ್ಮ ಕಿಸೆಯಲ್ಲೇ ಉಂಟಲ್ಲ.”

“ಪಡೆಯಬೇಕಾದುದನ್ನು ಬಿಟ್ಟುಕೊಡುವುದೂ ದಾನವೇ.”

“ಹಾಗಾದ್ರೆ ಇಷ್ಟು ವರ್ಷ ನಿಮಗೆ ಹೊಡೆಯದೆ ಬಿಟ್ಟ ನಾನೂ ದಾನಿಯೇ.”

ಅವರು ‘ಇಲ್ಲ’ ಎಂದು ಗೀಚಿದರು. ನಾನು ‘ಹೌದು’ ಎಂದು ಬರೆದು, ಪೂರ್ವಪಕ್ಷ, ಖಂಡನೆ, ಸಿದ್ಧಾಂತಗಳ ಸಹಿತ ನಾಲ್ಕು ಪುಟಗಳ ಸಮರ್ಥನೆಯನ್ನೂ ಲಗತ್ತಿಸಿದೆ. ಸಹಾಯಧನ ಪಡೆದವರು ಅನರ್ಹರೆಂದು ಅರ್ಜಿಯ ಹಿಂಬದಿಯಲ್ಲಿ ಅಚ್ಚಾಗಿತ್ತು. ನಾನು ಹಿಂಬದಿಯನ್ನು ನೋಡಿರಲಿಲ್ಲ.

ನನ್ನ ಅರ್ಜಿ ಮಾತ್ರ ತಿರಸ್ಕೃತವಾಯಿತು. ಕಚೇರಿಗೆ ಓಡಿದೆ.

“ರಿಯಾಯಿತಿ ಎಲ್ಲರಿಗೂ ಸಿಗುವಂಥದ್ದಮ್ಮಾ. ಅದು ಸಹಾಯಧನವಲ್ಲವೆಂದು ಈಗ ತೋರುತ್ತದೆ,” ಎಂದೆ.

“ನಾವೂ ಅಲ್ಲ ಅಂತಲೇ ತಿಳಿದದ್ದು, ಮಾಷ್ಟ್ರೆ,” ಎಂದಳು ಗುಮಾಸ್ತೆ. “ಆದ್ರೆ ನಿಮ್ಮ ನಾಲ್ಕು ಪುಟ ಓದಿ ಸಾಹೇಬ್ರು ಹೌದು ಅಂತ ಒಪ್ಪಿಬಿಟ್ರು. ಅದಕ್ಕೆ ಉತ್ತರ ಉಂಟಾದ್ರೆ ಬರೆದು ಕೊಡಿ.”

ಕಚೇರಿ ಮುಚ್ಚುವವರೆಗೂ ಬೆಂಚಿನ ಮೇಲೆ ಕುಳಿತು ನನ್ನನ್ನೇ ಖಂಡಿಸಲು ಯತ್ನಿಸಿದೆ. ಒಂದು ಬಿರುಕೂ ಸಿಗಲಿಲ್ಲ. ಮೂವತ್ತು ವರ್ಷ ಪಾಠ ಹೇಳಿ ಯಾರನ್ನೂ ಒಪ್ಪಿಸಲಾಗದವನು, ಒಪ್ಪಿಸಬಾರದ ಒಬ್ಬರನ್ನು ಒಪ್ಪಿಸಿದ್ದೆ.

ಯಾತ್ರೆ ಹೊರಟ ಮರುದಿನ ರೈಲಿನಿಂದ ಧರಣಪ್ಪನವರ ಫೋನು ಬಂತು.

“ನಿಮ್ಮ ಸೀಟಿಗೆ ವೇಣೂರಿನವರೊಬ್ಬರು ಬಂದಿದ್ದಾರೆ, ಮಾಷ್ಟ್ರೆ. ಪಾಪದವರು. ಏನು ಹೇಳಿದ್ರೂ ಹೌದು ಹೌದು ಹೇಳ್ತಾರೆ. ಭಾರೀ ಆರಾಮ ಉಂಟು.”

ಬರಿಯ ಹೌದೆನ್ನುವಿಕೆ ಸಂಭಾಷಣೆಯೆನಿಸದು ಎಂಬುದಕ್ಕೆ ಮೂರು ಕಾರಣಗಳನ್ನು ಸಾವಕಾಶವಾಗಿ ನಿರೂಪಿಸಿದೆ. ಮೂರನೆಯದು ಮುಗಿದಾಗ, ಫೋನು ಕಡಿದುಹೋಗಿ ಬಹಳ ಹೊತ್ತಾಗಿತ್ತು.