ಬೇವಿನ ಮರಕ್ಕೆ ಸರಿಯಾದ ರೇಟು

ಇನ್ನು ಮೇಲೆ ಮರದ ಕೆಳಗೆ ನಿಂತು "ನಿಮಗ ತಿಳಿದಷ್ಟು ಕೊಡ್ರಿ" ಎಂಬ ಮಾತು ಬಾಯಿಂದ ಬಂದರೆ ಮೀಸೆ ಬೋಳಿಸುತ್ತೇನೆ ಎಂದು ಕೂಡ್ಲಿಗಿಯ ಹುಲುಗಪ್ಪ ಹೆಂಡತಿ ಅಂಜಿನಕ್ಕನ ಮುಂದೆ ಶಪಥ ಮಾಡಿದ. ಇಪ್ಪತ್ತು ವರ್ಷದಿಂದ ಮರ ಹತ್ತಿ ಕೊಂಬೆ ಇಳಿಸುತ್ತಿದ್ದವನು ಅವನು. ಮನೆಯ ಮೇಲೆ ಬಾಗಿದ ಮರವಿರಲಿ, ಕರೆಂಟಿನ ತಂತಿಗೆ ತಾಗಿದ ಕೊಂಬೆಯಿರಲಿ, ಒಂದು ಹಂಚೂ ಅಲುಗದಂತೆ ಕಡಿಯುತ್ತಿದ್ದ. ಬೀಳುತ್ತಿದ್ದುದು ರೇಟು ಮಾತ್ರ.

ಶಪಥಕ್ಕೆ ಕಾರಣವಿತ್ತು. ಹೋದ ವರ್ಷ ಹಂಪಸಾಗರದಲ್ಲಿ ಎಂಟುನೂರಕ್ಕೆ ಒಪ್ಪಿಕೊಂಡ ಹುಣಸೆಮರದಿಂದ ಅಂಜಿನಕ್ಕನ ತಮ್ಮ ರಾಮಾಂಜಿನಿ ಬಿದ್ದು ತೊಡೆ ಮುರಿದುಕೊಂಡಿದ್ದ. ಕೆಳಗೆ ಹಗ್ಗ ಹಿಡಿಯಲು ಇನ್ನೊಬ್ಬನಿದ್ದರೆ ಬೀಳುತ್ತಿರಲಿಲ್ಲ. ಆದರೆ ಎಂಟುನೂರರಲ್ಲಿ ಇನ್ನೊಬ್ಬನ ಕೂಲಿ ಎಲ್ಲಿಂದ ಬರಬೇಕು? ಕಾಲಿಗೆ ರಾಡು ಹಾಕಿಸುವುದರಲ್ಲಿ ಅಂಜಿನಕ್ಕನ ಬೆಂಡೋಲೆ ಹೋದವು. ಮತ್ತೆ ಮರ ಹತ್ತಬೇಡ ಎಂದು ಡಾಕ್ಟರು ರಾಮಾಂಜಿನಿಗೆ ಹೇಳಿ ಕಳಿಸಿದ್ದರು.

ಹೊಸ ರೇಟಿನ ಮೊದಲ ಗಿರಾಕಿ ಕಾನಹೊಸಹಳ್ಳಿಯ ಕಿರಾಣಿ ಅಂಗಡಿಯ ಗುರುಸಂಗಪ್ಪ. ಅವರ ಅಡುಗೆಮನೆಯ ತಗಡಿನ ಮೇಲೆ ಅರ್ಧ ಒಣಗಿದ ಬೇವಿನ ಮರ ವಾಲಿತ್ತು. ಹುಲುಗಪ್ಪ ಮರವನ್ನು ಮೂರು ಸುತ್ತು ಹಾಕಿದ. ಇಬ್ಬರು ಆಳು, ಮರ ಕೊಯ್ಯುವ ಮಷೀನಿಗೆ ಪೆಟ್ರೋಲು, ಟ್ರ್ಯಾಕ್ಟರು, ತನ್ನ ಕೂಲಿ, ಜೀವಕ್ಕೂ ಇಷ್ಟು ಎಂದು ಬೆರಳು ಮಡಚಿ, ಒಂಬತ್ತು ಸಾವಿರ ಎಂದ. ಗುರುಸಂಗಪ್ಪ ನಕ್ಕು, ಎರಡೂವರೆ ಸಾವಿರ ಕೊಡುತ್ತೇನೆ, ಕಟ್ಟಿಗೆ ಬೇಕಾದರೆ ನೀನೇ ಒಯ್ಯಿ ಎಂದರು.

"ಕಟ್ಟಿಗಿ ಉಂಡು ಬದುಕಾಕ ಬರಂಗಿಲ್ರಿ, ಸಾವ್ಕಾರ್ರೇ" ಎಂದವನೇ ಹುಲುಗಪ್ಪ ಅವರು ತರಿಸಿದ ಚಹಾವನ್ನೂ ಕುಡಿಯದೆ ಹೊರಟುಬಂದ. ಈ ಪರಾಕ್ರಮವನ್ನು ಹೆಂಡತಿಗೆ ಮೂರು ಸಲ ಹೇಳಿದ. ಆಮೇಲೆ ಕೊಟ್ಟೂರಿನಲ್ಲೂ ಅದೇ ಕಥೆ, ಹರಪನಹಳ್ಳಿಯಲ್ಲೂ ಅದೇ. ಮೂರು ವಾರ ಯಾರೂ ಕರೆಯಲಿಲ್ಲ. ರೇಟು ಸಿಂಹಾಸನದ ಮೇಲೆ ಕೂತಿತು, ಮಷೀನು ಅಟ್ಟದ ಮೇಲೆ ಕೂತಿತು, ಹುಲುಗಪ್ಪ ಕಟ್ಟೆಯ ಮೇಲೆ ಕೂತ.

ಒಂದು ಬೆಳಿಗ್ಗೆ ಗುರುಸಂಗಪ್ಪನವರ ಫೋನು ಬಂತು. ಯಾರೋ ಮರವನ್ನು ಅರ್ಧ ಕೊಯ್ದು ಕೆಡಿಸಿದ್ದಾರೆ, ಕೊಯ್ದವನು ಮೇಲೆಯೇ ಸಿಕ್ಕಿಕೊಂಡಿದ್ದಾನೆ, ತಕ್ಷಣ ಬಾ ಎಂದರು. ಕೆಟ್ಟ ಮರಕ್ಕೆ ಹನ್ನೆರಡು ಸಾವಿರ ಎಂದ ಹುಲುಗಪ್ಪ. ಅವರು ಮರುಮಾತಿಲ್ಲದೆ ಒಪ್ಪಿದರು. ಆಗಲೇ ಅವನಿಗೆ ಸಂಶಯ ಬರಬೇಕಿತ್ತು. ಅಟ್ಟ ನೋಡಿದರೆ ಮಷೀನಿರಲಿಲ್ಲ. ಹಲ್ಲು ಸಾಣೆ ಹಿಡಿಸಲು ತಮ್ಮ ಒಯ್ದಿದ್ದಾನೆ ಎಂದು ಅಂಜಿನಕ್ಕ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಆಗಲೂ ಸಂಶಯ ಬರಲಿಲ್ಲ. ಹಗ್ಗ, ಕೈಗರಗಸ, ಇಬ್ಬರು ಆಳು ಕಟ್ಟಿಕೊಂಡು ಹೊರಟ.

ದೊಡ್ಡ ಕೊಂಬೆಯೊಂದು ತಗಡು ಸೀಳಿ, ನೀರಿನ ಟ್ಯಾಂಕು ಒಡೆದು, ಅಡುಗೆಮನೆಯೊಳಗೆ ಕೂತಿತ್ತು. ಬುಡದಿಂದ ಎರಡಾಳೆತ್ತರದಲ್ಲಿ ಕಾಂಡ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಹುಲುಗಪ್ಪನದೇ ಮಷೀನು ಸಿಕ್ಕಿಕೊಂಡಿತ್ತು. ಅದರ ಮೇಲೆ, ಕಾಂಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕಣ್ಣು ಮುಚ್ಚಿ, ರಾಮಾಂಜಿನಿ.

"ಮಾವ, ಕಾಲು ಹಿಡ್ಕಂಡೈತಿ," ಎಂದ ಸಣ್ಣ ದನಿಯಲ್ಲಿ.

ಗಾಳಿ ಬಂದಾಗಲೆಲ್ಲ ಮರ ಕಿರ್ರೆನ್ನುತ್ತಿತ್ತು. ಬೈಯಲು ಬಾಯಿ ತೆರೆದ ಹುಲುಗಪ್ಪ ಬೈಗುಳ ಆಮೇಲಿಗಿಟ್ಟು ಹಗ್ಗ ಹೆಗಲಿಗೇರಿಸಿದ. ಪಕ್ಕದ ಗೋಡೆಯಿಂದ ಹತ್ತಿ, ಗಟ್ಟಿಯಾಗಿದ್ದ ಕವಲಿಗೆ ಹಗ್ಗ ಹಾಕಿ, ಅದನ್ನು ಭಾವಮೈದುನನ ಸೊಂಟಕ್ಕೆ ಬಿಗಿದು, ಇಂಚಿಂಚಾಗಿ ಕೆಳಗಿಳಿಸುವಷ್ಟರಲ್ಲಿ ಒಂದು ತಾಸಾಯಿತು. ರಾಮಾಂಜಿನಿಯ ಪ್ಯಾಂಟು ಒದ್ದೆಯಾಗಿತ್ತು. ಯಾರೂ ಅತ್ತ ನೋಡಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮರ ತುಂಡುತುಂಡಾಗಿ ನೆಲಕ್ಕೆ ಬಂತು.

ಗುರುಸಂಗಪ್ಪ ಲೆಕ್ಕ ಶುರು ಮಾಡಿದರು. ಹನ್ನೆರಡು ಸಾವಿರ ಸರಿ. ತಗಡಿಗೂ ಟ್ಯಾಂಕಿಗೂ ಒಂಬತ್ತೂವರೆ ಹೋಯಿತು.

"ಕೆಡಿಸಿದಾವ ನಿಮ್ಮ ಮನ್ಯಾವನೇ ಅದಾನ. ಬ್ಯಾರೇರ ಆಗಿದ್ರ ಸ್ಟೇಷನ್ನಿಗೆ ಹೋಗ್ತಿದ್ದೆ," ಎಂದರು. ಹುಲುಗಪ್ಪ ಉಳಿದ ಎರಡೂವರೆ ಸಾವಿರಕ್ಕೆ ಕೈಯೊಡ್ಡಿದ. ಅವರು ಒಂದೂವರೆ ಸಾವಿರ ಇಟ್ಟರು. "ಇನ್ನೊಂದು ಸಾವಿರ ನಿಮ್ಮ ಮನಿಯಾಕಿ ನಾಕು ದಿನದ ಹಿಂದ ಅಡ್ವಾನ್ಸ್ ಇಸ್ಕಂಡು ಹೋಗ್ಯಾಳ. ತಮ್ಮನ್ನ ಕಳಿಸ್ತೀನಿ ಅಂತ ಮಾತಾಡಿದಾಕಿ ಆಕೀನ."

ಇಬ್ಬರು ಆಳುಗಳಿಗೆ ತಲಾ ಏಳುನೂರು ಕೊಟ್ಟಮೇಲೆ ಹುಲುಗಪ್ಪನ ಕೈಯಲ್ಲಿ ನೂರರ ನೋಟೊಂದು ಉಳಿಯಿತು.

ಬಸ್ಸಿನುದ್ದಕ್ಕೂ ಅವನು ಬೈಗುಳ ಜೋಡಿಸಿದ. ಪಕ್ಕದಲ್ಲಿ ರಾಮಾಂಜಿನಿ ತೊಡೆ ನೀವಿಕೊಳ್ಳುತ್ತ ಕಿಟಕಿಯಾಚೆ ನೋಡುತ್ತಿದ್ದ. ಮನೆಯಲ್ಲಿ ಅಂಜಿನಕ್ಕ ಮೊದಲು ತಮ್ಮನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಗೋಡೆಗೆ ಆತು ಕೂತಳು.

"ಅವನ ಕಾಲಿಂದು ಗೊತ್ತಿದ್ದೂ ಕಳಿಸಿದ್ಯಾ?" ಎಂದ ಹುಲುಗಪ್ಪ. ಜೋಡಿಸಿದ್ದರಲ್ಲಿ ಅಷ್ಟೇ ಹೊರಬಂತು.

"ಅವನ ಕಾಲೂ ಗೊತ್ತಿತ್ತು, ನಿನ್ನ ರೇಟೂ ಗೊತ್ತಿತ್ತು," ಎಂದಳು ಅಂಜಿನಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂರು ದಿನದಿಂದ ಸಾರಿಗೆ ಬ್ಯಾಳಿ ಬೀಳಾಕ ಹತ್ತೈತಿ. ಎಲ್ಲಿಂದ ಬಂತಂತ ಒಂದಿನನಾರ ಕೇಳಿದ್ಯಾ?"

ಹುಲುಗಪ್ಪ ಕೇಳಿರಲಿಲ್ಲ. ನಿನ್ನೆಯಂತೂ, ಸಾರು ಬಾಳ ಚಲೋ ಆಗೈತಿ ಎಂದು ಎರಡು ಸಲ ಹಾಕಿಸಿಕೊಂಡು ಉಂಡಿದ್ದ.