ಕುರ್ಚಿಯ ಹಿಂದೆ ನಿಂತು ನೋಡಿದ ಸಂಬಂಧ

ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಎಲ್ಲಿ ಏನು ತಿನ್ನಬೇಕು ಎಂಬ ವಿಷಯದಲ್ಲಿ ನಮ್ಮ ರಸ್ತೆಯ ಅಂತಿಮ ತೀರ್ಪು ನನ್ನದೇ ಆಗಿತ್ತು. ಯಾರ ಮನೆಗೆ ನೆಂಟರು ಬಂದರೂ ನಮ್ಮ ಗೇಟಿನ ಬಳಿ ಬಂದು ಕೇಳುತ್ತಿದ್ದರು: "ಸಾರ್, ಇಡ್ಲಿಗೆ ಎಲ್ಲಿ ಕರ್ಕೊಂಡು ಹೋಗ್ಲಿ?" ನಾನು ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಮೊದಲು ವೈದ್ಯರಂತೆ ವಿಚಾರಣೆ. ನೆಂಟರು ಯಾವ ಕಡೆಯವರು? ಚಟ್ನಿ ಗಟ್ಟಿ ಬೇಕೋ, ನೀರಾಗಿದ್ದರೂ ನಡೆಯುತ್ತದೋ? ಸಾಂಬಾರಿನಲ್ಲಿ ಬೆಲ್ಲ ಸಹಿಸುತ್ತಾರೋ? ಆಮೇಲೆ ಕಣ್ಣು ಮುಚ್ಚಿ, ಒಂದು ಹೋಟೆಲಿನ ಹೆಸರು ಹೇಳಿ, ಒಳಗೆ ಹೋಗಿಬಿಡುತ್ತಿದ್ದೆ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಹೀಗಿರುವಾಗ ನನ್ನ ಹೆಂಡತಿ ವತ್ಸಲಾಳ ತಮ್ಮ ಶ್ರೀಧರನಿಗೆ ಒಂದು ಸಂಬಂಧ ಬಂತು. ಶ್ರೀಧರ ಒಳ್ಳೆಯ ಹುಡುಗ, ಒಳ್ಳೆಯ ಕೆಲಸ. ಆದರೆ ಹೆಣ್ಣು ನೋಡುವ ಕಾರ್ಯಕ್ರಮ ವರ್ಷಗಟ್ಟಲೆ ನಡೆದಿತ್ತು. ಎಲ್ಲ ಕಡೆಗೂ ಕಳಿಸುತ್ತಿದ್ದುದು ಒಂದೇ ಹಳೆಯ ಫೋಟೋ. ಅದರಲ್ಲಿದ್ದ ಕೂದಲು ಈಗ ಅದರಲ್ಲಿ ಮಾತ್ರ ಇತ್ತು. "ಇದೇ ಕೊನೆ ಅಕ್ಕಾ. ಇದೂ ತಪ್ಪಿದ್ರೆ ಇನ್ನು ನನ್ನ ಎಲ್ಲೂ ಕರೀಬೇಡ" ಎಂದು ಅವನು ಹೇಳಿಬಿಟ್ಟಿದ್ದ. ವತ್ಸಲಾ ವಾರವಾರವೂ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಿದ್ದಳು.

ಹುಡುಗಿ ವಿದ್ಯಾ. ಧಾರವಾಡದ ದೇಸಾಯಿ ದಂಪತಿಗಳ ಮಗಳು. ಇಲ್ಲಿ ಆಫೀಸೊಂದರಲ್ಲಿ ಕೆಲಸ. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಅಪ್ಪ ಅಮ್ಮನೊಂದಿಗೆ ಇದ್ದಳು. ದೇಸಾಯರು ನಮ್ಮ ಮನೆಗೆ ಫೋನ್ ಮಾಡಿದರು.

"ಮನ್ಯಾಗಿನ ಉಪ್ಪಿಟ್ಟು-ಶಿರಾದ ಶಾಸ್ತ್ರ ಆಮ್ಯಾಲೆ ಇದ್ದದ್ದರೀ. ಮೊದಲ ಎಲ್ಲೆರೆ ಹೋಟೆಲಿನ್ಯಾಗ ಕೂತು ನಾಕು ಮಾತಾಡೂಣು. ಹುಡುಗ-ಹುಡುಗಿನೂ ಮಾತಾಡ್ಲಿ. ನೀವು ಇಲ್ಲಿಯವರು, ಎಲ್ಲಿ ಛೊಲೋ ಅದ ನೀವ ಹೇಳ್ರಿ."

ನೀವೇ ಹೇಳಿ! ಈ ಮಾತು ಕಿವಿಗೆ ಬಿದ್ದರೆ ನನ್ನ ಬುದ್ಧಿ ಕೆಲಸ ನಿಲ್ಲಿಸುತ್ತದೆ.

"ಕೂತು ಮಾತಾಡೋಕೆ ಜಾಗ ಇರ್ಬೇಕು ಕಣ್ರೀ" ಎಂದಳು ವತ್ಸಲಾ. ಪಕ್ಕದ ಮನೆಯ ಪದ್ಮನಾಭಯ್ಯನವರು ಕಾಂಪೌಂಡಿನ ಆಚೆಯಿಂದಲೇ ಬೆಂಬಲ ಕೊಟ್ಟರು: "ಕತ್ರಿಗುಪ್ಪೆ ಕಡೆ ಹೊಸದೊಂದು ಆಗಿದೆ ಸಾರ್. ಎಸಿ, ಮೆತ್ತನೆ ಸೋಫಾ. ಸಖತ್ತಾಗಿದೆ."

"ಸೋಫಾ ತಿನ್ನೋಕಾಗುತ್ತಾ ಪದ್ಮನಾಭಯ್ಯ?" ಎಂದೆ ನಾನು.

ನನ್ನ ಸಿದ್ಧಾಂತ ಸ್ಪಷ್ಟವಾಗಿತ್ತು. ಹೋದ ಕೂಡಲೇ ಸೀಟು ಸಿಗುವ ಹೋಟೆಲು ಕೂರಲು ಯೋಗ್ಯವಲ್ಲ. ಹೀಗಾಗಿ ಬನಶಂಕರಿ ಎರಡನೇ ಹಂತದ ಒಂದು ಹಳೆಯ ದೋಸೆ ಹೋಟೆಲನ್ನು ನಿಗದಿ ಮಾಡಿದೆ. ಅದರ ಹೆಸರು ಹೇಳುವುದಿಲ್ಲ. ತಪ್ಪು ಹೋಟೆಲಿನದಲ್ಲ. ದಿನ? ಭಾನುವಾರ ಬೆಳಿಗ್ಗೆ. ಇದಕ್ಕಿಂತ ಉತ್ತಮವಾಗಿ ಕೆಡಿಸುವುದು ಶತ್ರುವಿಗೂ ಸಾಧ್ಯವಿರಲಿಲ್ಲ.

ಮುಂದಿನದನ್ನು ನಿಧಾನವಾಗಿ, ಕಂಡದ್ದನ್ನು ಕಂಡಂತೆಯೇ ಹೇಳುತ್ತೇನೆ.

ಟೇಬಲ್ ಹಿಡಿಯಲು ಶ್ರೀಧರನನ್ನು ಮುಂಚಿತವಾಗಿ ಕಳಿಸಿದ್ದೆ. ಅವನು ಒಳಗಿನ ಕೋಣೆಯಲ್ಲಿ ಒಂದು ಟೇಬಲ್ ಹಿಡಿದು, ಕುರ್ಚಿಗಳ ಮೇಲೆ ಕರ್ಚೀಫು, ಛತ್ರಿ, ಅಂದಿನ ಪೇಪರು ಎಲ್ಲ ಹಾಸಿ ಕೂತನಂತೆ. ಮೇಲ್ವಿಚಾರಕರು ಬಂದು ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ, "ಇದು ಏನು ತಗೊಳತ್ತೆ ಸಾರ್? ಮಸಾಲೆನಾ, ಸೆಟ್ ದೋಸೆನಾ?" ಎಂದು ಕೇಳಿದರಂತೆ. ಒಂದೊಂದೇ ಕುರ್ಚಿ ಕೈಬಿಟ್ಟಿತು. ಕೊನೆಗೆ ತಾನು ಕೂತಿದ್ದ ಕುರ್ಚಿಯನ್ನಾದರೂ ಉಳಿಸಿಕೊಳ್ಳಲು ಅವನು ಹೆದರಿ ಒಂದು ಮಸಾಲೆ ದೋಸೆ ಹೇಳಿಬಿಟ್ಟ. ಆಗ ಮೊಬೈಲು ನಮ್ಮಂಥವರ ಕೈಗೆ ಬಂದಿರಲಿಲ್ಲ. ಒಳಗಿನ ಈ ಪತನದ ಸುದ್ದಿ ಹೊರಗಿದ್ದ ನನಗೆ ಮುಟ್ಟಲಿಲ್ಲ.

ಅಷ್ಟರಲ್ಲಿ ದೇಸಾಯರು ಆಟೋದಿಂದ ಇಳಿದರು. ಜರಿ ಅಂಚಿನ ಶಲ್ಯ, ಮಂಡಿನೋವು. ಜೊತೆಗೆ ಅವರ ಶ್ರೀಮತಿ ಮತ್ತು ವಿದ್ಯಾ. ಬಾಗಿಲಲ್ಲಿ ನಿಂತ ಜನಸಾಗರವನ್ನು ನೋಡಿ ದೇಸಾಯರು ಕೇಳಿದರು:

"ಏನ್ರೀ, ಯಾರಿಗೇನಾತು?"

"ಏನೂ ಆಗಿಲ್ಲ ಸಾರ್. ಇದೇ ಇಲ್ಲಿನ ವಿಶೇಷ!"

"ಕೂಡೂದು ಎಲ್ಲೆ?"

ಆಗ ನಾನು ಅವರಿಗೆ ನಮ್ಮ ಕಡೆಯ ಪದ್ಧತಿಯನ್ನು ಬೋಧಿಸಿದೆ. ಯಾರ ಎಲೆ ಖಾಲಿಯಾಗಿದೆ, ಯಾರಿಗೆ ಕಾಫಿ ಬಂದಿದೆ ಎಂದು ನೋಡಬೇಕು. ಅವರ ಕುರ್ಚಿಯ ಬೆನ್ನಿಗೆ ಕೈ ಇಟ್ಟು ಹಿಂದೆ ನಿಂತುಬಿಡಬೇಕು. ಅವರು ಎದ್ದರೆ ನಾವು ಕೂರಬೇಕು.

ದೇಸಾಯರ ಮುಖ ಬಿಳಿಚಿತು. "ಉಣ್ಣೋ ಮನಿಷ್ಯಾನ ಬೆನ್ನಿಗೆ ನಿಂತು ಬಾಯಿ ನೋಡೂದೇನ್ರೀ? ನಮ್ಮ ಕಡೆ ಹಿಂಗ ಮಾಡಿದ್ರ ನಾಕು ಮಂದಿ ನಗ್ತಾರ್ರೀ."

"ಇಲ್ಲಿ ಮಾಡದಿದ್ರೆ ನಗ್ತಾರೆ ಸಾರ್!" ಎಂದು ಅವರ ಶ್ರೀಮತಿಯನ್ನು ಕಾಫಿ ಕುಡಿಯುತ್ತಿದ್ದ ದಪ್ಪ ಮನುಷ್ಯನೊಬ್ಬನ ಹಿಂದೆ ನಿಲ್ಲಿಸಿದೆ. ಆತ ಹಿಂದಕ್ಕೆ ತಿರುಗಿ ಅವರನ್ನೊಮ್ಮೆ ನೋಡಿದ. ಲೋಟ ಕೆಳಗಿಟ್ಟ. ಸರ್ವರನ್ನು ಕರೆದ. "ಒಂದು ಖಾರಾಬಾತ್!" ಎಂದ.

ಮುಂದೆ ನಡೆದದ್ದಕ್ಕೆ ನಾನೇ ಸೂತ್ರಧಾರ. ಎಲ್ಲಿ ಕುರ್ಚಿ ಖಾಲಿಯಾಯಿತೋ ಅಲ್ಲಿಗೆ ಒಬ್ಬೊಬ್ಬರನ್ನು ತಳ್ಳಿದೆ. ವತ್ಸಲಾ ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ಬಿದ್ದಳು. ವಿದ್ಯಾಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಖಾರಾಬಾತ್ ಮುಗಿದ ಮೇಲೆ ಅವಳ ತಾಯಿಗೆ ಅದರ ಪಕ್ಕದ ಟೇಬಲಿನಲ್ಲಿ. ದೇಸಾಯರನ್ನು ಒಳಗಿನ ಕೋಣೆಯ ಕಡೆಗೆ ಕಳಿಸಿ, "ಅಲ್ಲಿ ನಮ್ಮ ಹುಡುಗ ಟೇಬಲ್ ಹಿಡಿದಿದ್ದಾನೆ, ಹೋಗಿ ಸಾರ್" ಎಂದೆ. ನನಗೆ ಸೀಟು ಸಿಗಲಿಲ್ಲ. ನಾಲ್ಕು ಮಾತಾಡಲೆಂದು ಬಂದವರ ನಡುವೆ ಈಗ ಒಂದು ಗೋಡೆ, ಒಂದು ಕಂಬ, ಕೈ ತೊಳೆಯುವ ಬೇಸಿನ್ನು ಮತ್ತು ಅರ್ಧ ಬನಶಂಕರಿ ಇತ್ತು.

ಸ್ವಲ್ಪ ಹೊತ್ತಿನಲ್ಲಿ ವಿದ್ಯಾಳ ಟೇಬಲಿನತ್ತ ನೋಡಿದೆ. ಅವಳ ಎದುರು ಯಾರೋ ಒಬ್ಬ ಯುವಕ. ತಲೆತುಂಬ ಕೂದಲು, ತೊಡೆಯ ಮೇಲೆ ಹೆಲ್ಮೆಟ್ಟು. ಹಂಚಿಕೊಂಡ ಟೇಬಲಿನಲ್ಲಿ ಯಾರಾದರೂ ಇರುತ್ತಾರೆ, ನಾನು ತಲೆಕೆಡಿಸಿಕೊಳ್ಳಲಿಲ್ಲ. ಅವನು ಏನೋ ಕೇಳಿದ, ಅವಳು ನಗುತ್ತಾ ಏನೋ ಹೇಳಿದಳು. ಪಕ್ಕದ ಟೇಬಲಿನಲ್ಲಿ ಅವಳ ತಾಯಿ ಆ ಕಡೆ ನೋಡುತ್ತಾ, ದೋಸೆ ಮುರಿಯುತ್ತಾ, ಬಹಳ ಸಂತೋಷದಲ್ಲಿದ್ದರು. ನನ್ನ ಕಣ್ಣಿಗೆ ಅವರ ಕೈಯಲ್ಲಿದ್ದ ದೋಸೆಯೊಂದೇ ಕಂಡಿತು.

ದೂರದಿಂದಲೇ ಕೈ ಅಲ್ಲಾಡಿಸಿ "ಹೇಗಿದೆ?" ಎಂದು ಸನ್ನೆ ಮಾಡಿದೆ. ಅವರು ಕಣ್ಣರಳಿಸಿ, ಬೆರಳು ಕೂಡಿಸಿ, ಬಹಳ ಚೆನ್ನಾಗಿದೆ ಎಂದು ತೋರಿಸಿದರು. ನನ್ನ ಎದೆ ಉಬ್ಬಿತು. "ನಾನು ಹೇಳಿರಲಿಲ್ವಾ?" ಎಂಬಂತೆ ಎದೆ ತಟ್ಟಿಕೊಂಡೆ. ಅವರು ಕೈ ಜೋಡಿಸಿದರು. ಒಂದು ದೋಸೆಗೆ ಕೈ ಜೋಡಿಸುವುದೇ? ಧಾರವಾಡದವರು ರಸಿಕರು ಎಂದುಕೊಂಡೆ!

ಎಲ್ಲರೂ ಹೇಗೋ ಹೊರಬಂದು ಫುಟ್‌ಪಾತಿನ ಮೇಲೆ ಸೇರಿದೆವು. ದೇಸಾಯರ ಶ್ರೀಮತಿ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು:

"ಹುಡುಗಾ ಭಾಳ ಛೊಲೋ ಇದ್ದಾನ್ರೀ. ಫೋಟೋದಾಗ ನೋಡಿದ್ಹಂಗ ತಲಿತುಂಬ ಕೂದಲಾ! ನಮಗ ಪೂರಾ ಪಸಂದ. ಆದ್ರ ಹೆಲ್ಮೆಟ್ ತೊಗೊಂಡು, ಒಂದ್ ಮಾತೂ ಹೇಳದ ಎಲ್ಲೆ ಹೋದ್ರು?"

ಶ್ರೀಧರನ ಬಳಿ ಹೆಲ್ಮೆಟ್ ಇಲ್ಲ. ಗಾಡಿಯೂ ಇಲ್ಲ.

ಅದೇ ಕ್ಷಣದಲ್ಲಿ ಹೋಟೆಲಿನ ಬಾಗಿಲನ್ನು ಸೀಳಿಕೊಂಡು ಶ್ರೀಧರ ಹೊರಬಂದ. ಅಂಗಿಯ ಮೇಲೆ ಯಾರದೋ ಸಾಂಬಾರು, ಕೈಯಲ್ಲಿ ಛತ್ರಿ, ನಡುನೆತ್ತಿಯ ಮೇಲೆ ಬೆಳಗಿನ ಬಿಸಿಲು.

"ಇವನೇ... ನಮ್ಮ ಶ್ರೀಧರ" ಎಂದಳು ವತ್ಸಲಾ. ಅವಳ ದನಿಯಲ್ಲಿ ಅಷ್ಟೂ ನಿಂಬೆಹಣ್ಣಿನ ದೀಪಗಳು ಆರಿಹೋಗಿದ್ದವು.

ದೇಸಾಯರ ಶ್ರೀಮತಿ ಅವನ ಮುಖ ನೋಡಿದರು. ತಲೆ ನೋಡಿದರು. ನನ್ನನ್ನು ನೋಡಿದರು. "ಹಂಗಾರ ನೀವು ಎದಿ ತಟ್ಕೊಂಡು ತೋರಿಸಿದ್ದು ಯಾರನ್ನ?"

"ದೋಸೆನ, ಮೇಡಂ" ಎಂದೆ.

ಶ್ರೀಧರ ನೆಲ ನೋಡುತ್ತಾ ನಿಂತ. ಈ ಸಂಬಂಧದ ಕಥೆ ಇಲ್ಲಿಗೆ ಮುಗಿಯಿತು, ಇನ್ನು ಮನೆಗೆ ಹೋಗುವ ದಾರಿಯಲ್ಲಿ ವತ್ಸಲಾಳಿಗೆ ಏನು ಹೇಳಲಿ ಎಂದು ನಾನು ಯೋಚಿಸತೊಡಗಿದ್ದೆ.

ಅಷ್ಟರಲ್ಲಿ ದೇಸಾಯರು ಮಂಡಿ ಹಿಡಿದುಕೊಂಡು ಮುಂದೆ ಬಂದರು. ಶ್ರೀಧರನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದರು.

"ಅಲ್ಲೋ ತಮ್ಮಾ, ನೀನ ಅಲ್ಲೇನು ನನಗ ಕುರ್ಚಿ ಕೊಟ್ಟಾಂವ?"

ಒಳಗಿನ ಕೋಣೆಯಲ್ಲಿ ನಡೆದದ್ದು ಆಮೇಲೆ ತಿಳಿಯಿತು. ದೇಸಾಯರು ಅಲ್ಲಿಗೆ ಹೋದಾಗ ಟೇಬಲೂ ಇರಲಿಲ್ಲ, ಕೇಳಲು ಪರಿಚಯದವರೂ ಇರಲಿಲ್ಲ. ಯಾರ ಹಿಂದೆಯೂ ನಿಲ್ಲಲು ಮನಸ್ಸಾಗದೆ ಕಂಬಕ್ಕೆ ಒರಗಿ ನಿಂತಿದ್ದರು. ಅರ್ಧ ದೋಸೆ ತಿಂದಿದ್ದ ಶ್ರೀಧರ, ಇವರು ಯಾರೆಂದೂ ತಿಳಿಯದೆ, "ಕೂತ್ಕೊಳ್ಳಿ ಅಂಕಲ್, ಕಾಲು ನೋಯ್ತಿರೋ ಹಾಗಿದೆ" ಎಂದು ಎದ್ದುಬಿಟ್ಟ. ನಮ್ಮ ದಕ್ಷಿಣ ಬೆಂಗಳೂರಿನ ಹೋಟೆಲುಗಳ ಇತಿಹಾಸದಲ್ಲಿ ದೋಸೆ ಮುಗಿಯುವ ಮುನ್ನ ಯಾರೂ ಹೀಗೆ ಸೀಟು ಬಿಟ್ಟುಕೊಟ್ಟಿಲ್ಲ. ನಾನು ಅಲ್ಲಿದ್ದಿದ್ದರೆ ಖಂಡಿತ ಬೈಯುತ್ತಿದ್ದೆ! ಸರ್ವರು ಬಂದು, ಅರ್ಧ ದೋಸೆಯ ಮುಂದೆ ಕೂತ ದೇಸಾಯರಿಗೆ ಬಿಲ್ಲು ಇಟ್ಟುಹೋದ. ದೇಸಾಯರು ಮರ್ಯಾದಸ್ಥರು. ಕೊಟ್ಟರು. ಹೀಗೆ ನಿಶ್ಚಿತಾರ್ಥಕ್ಕೂ ಮುಂಚೆ, ಪರಸ್ಪರ ಪರಿಚಯಕ್ಕೂ ಮುಂಚೆ, ಅಳಿಯನ ದೋಸೆಗೆ ಮಾವನೇ ದುಡ್ಡು ಕೊಟ್ಟಾಗಿತ್ತು.

"ಅಷ್ಟೂ ಮಂದ್ಯಾಗ ಇವನೊಬ್ಬನ ಎದ್ದಾಂವ ನೋಡ" ಎಂದು ಅವರು ಶ್ರೀಮತಿಯ ಕಡೆ ತಿರುಗಿದರು. "ಕೂದಲಾ ತೊಗೊಂಡು ಏನ್ ಮಾಡ್ತಿ?"

ಎಲ್ಲರೂ ವಿದ್ಯಾಳ ಮುಖ ನೋಡಿದೆವು. ಅವಳು ನಗು ತಡೆದುಕೊಂಡು ನಿಂತಿದ್ದಳು.

"ನನಗ ಗೊತ್ತಿತ್ತವ್ವಾ ಅವರಲ್ಲಂತ. ಆ ಹೆಲ್ಮೆಟ್‌ನವರು ಬಾಗಲಕೋಟಿಯವರು, ಮಡಿವಾಳದಾಗ ರೂಮ್ ಮಾಡ್ಯಾರ. ಜೋಳದ ರೊಟ್ಟಿ ಎಲ್ಲೆ ಛೊಲೋ ಸಿಗ್ತದ ಅಂತ ಕೇಳಿದ್ರು. ನಮ್ಮ ಮನಿ ಹತ್ರದ ಖಾನಾವಳಿ ಹೇಳಿದೆ." ಆಮೇಲೆ ಶ್ರೀಧರನತ್ತ ಒಮ್ಮೆ ನೋಡಿ, "ಫೋಟೋದಾಗಿನ ಕೂದಲಾ ಹೋಗ್ಯಾವ, ಮೂಗು ಹಂಗ ಅದ" ಎಂದಳು.

ಶ್ರೀಧರ ಮೊದಲ ಸಲ ತಲೆ ಎತ್ತಿದ. ಮೂಗು ಮುಟ್ಟಿ ನೋಡಿಕೊಂಡ.

"ನನಗಂತೂ ಹಸಿವ್ಯಾಗೇದ" ಎಂದರು ದೇಸಾಯರು. "ಆ ಖಾನಾವಳಿಗೇ ನಡೀರಿ." ನನ್ನನ್ನು ಯಾರೂ ಕೇಳಲಿಲ್ಲ. ಎರಡು ಆಟೋ ಹಿಡಿದು ಬಿ.ಟಿ.ಎಂ.ಗೆ ಹೋದೆವು. ಮನೆಯೊಂದರ ಮುಂಭಾಗದ ಕೋಣೆ, ಒಂದು ಉದ್ದನೆಯ ಟೇಬಲ್ಲು. ನಾವೆಲ್ಲರೂ ಒಟ್ಟಿಗೆ, ಎದುರುಬದುರು ಕೂತೆವು! ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಬೆನ್ನ ಹಿಂದೆ ಬರೀ ಗೋಡೆ. ಶ್ರೀಧರನೂ ವಿದ್ಯಾಳೂ ಕೊನೆಯಲ್ಲಿ ಕೂತು ಮಾತಾಡಿದರು; ರೊಟ್ಟಿ ತಣ್ಣಗಾಗುವಷ್ಟು ಮಾತಾಡಿದರು. ವತ್ಸಲಾ ಮೆಲ್ಲಗೆ ಒಂದು ಉಸಿರು ಬಿಟ್ಟಳು. ನಾನೂ ಬಿಟ್ಟೆ. ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಉಸಿರು ಅದು. ಆಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮದುವೆ ಧಾರವಾಡದಲ್ಲಿ ಚೆನ್ನಾಗಿ ಆಯಿತು. ಊಟದ ಹೊತ್ತಿಗೆ ನಾನು ಏನನ್ನೋ ಯೋಚಿಸುತ್ತಾ ಒಂದು ಕಡೆ ನಿಂತಿದ್ದೆ. ಇದ್ದಕ್ಕಿದ್ದಂತೆ ದೇಸಾಯರ ದನಿ ಇಡೀ ಊಟದ ಮನೆಗೆ ಕೇಳುವಂತೆ ಮೊಳಗಿತು:

"ಏ, ಬೀಗರಿಗೆ ಒಂದು ಕುರ್ಚಿ ಹಾಕ್ರೋ! ಪಾಪ, ರೂಢಿ ಬಿದ್ದದ ಅವರಿಗೆ."

ಕೆಳಗೆ ನೋಡಿದೆ. ಮಜ್ಜಿಗೆ ಅನ್ನ ಕಲಸುತ್ತಿದ್ದ ಮುದುಕರೊಬ್ಬರ ಕುರ್ಚಿಯ ಬೆನ್ನಿನ ಮೇಲೆ ನನ್ನ ಎರಡೂ ಕೈಗಳಿದ್ದವು.